ಕೊಯ್ಯದೆ ಬಿಟ್ಟ ಸಾಲು

ನಮ್ಮೂರಲ್ಲಿ ತಾರೀಖು ಬೇಕಾದರೆ ಪಾದ್ರಿಯನ್ನೇ ಕೇಳಬೇಕು. ಮಿಕ್ಕವರೆಲ್ಲ ಕೆಲಸದ ಮೇಲೆ ಕಾಲ ಹೇಳುವವರು. ಮಗು ಹುಟ್ಟಿದ್ದು ಯಾವಾಗ ಅಂದರೆ, ಹಂದಿ ಕಡಿದಾಗ. ಅಜ್ಜ ಕಾಲು ಮುರಿದುಕೊಂಡದ್ದು ಯಾವಾಗ ಅಂದರೆ, ಕೊಕ್ಕರೆ ಬಂದಾಗ. ಟೊಕಾಯ್ ಬೆಟ್ಟದ ಬುಡದಲ್ಲಿರುವ ನಮಗೆ ಎಲ್ಲಕ್ಕಿಂತ ದೊಡ್ಡ ಗಡುವು ದ್ರಾಕ್ಷಿ ಕೊಯ್ಲು. ಜಗಳ ಮುಗಿಸುವುದೂ ಕೊಯ್ಲಿಗೆ, ಮದುವೆ ಮಾಡುವುದೂ ಕೊಯ್ಲಿಗೆ. ಆ ಗಡುವಿನ ಜೊತೆಗೇ ಹಟಕ್ಕೆ ಬಿದ್ದವಳು ನನ್ನ ಪಕ್ಕದ ಮನೆಯ ವೆರೊಂಕಾ ಅತ್ತೆ. ಸ್ವಂತ ಅತ್ತೆಯೇನಲ್ಲ, ಆದರೆ ಬೈಯುವುದರಲ್ಲಿ ಸ್ವಂತದವರನ್ನೂ ಮೀರಿಸಿದವಳು.

ಅವಳ ಮದುವೆಯ ಕತೆಯನ್ನು ಊರಿನ ಹಳಬರೆಲ್ಲ ಹೇಳುತ್ತಾರೆ. ಅಂಬ್ರುಷ್‌ಗೂ ಅವಳಿಗೂ ಕೊಯ್ಲಿಗೆ ಮದುವೆ ಅಂತ ಮಾತಾಗಿತ್ತು. ಬೇಸಿಗೆಯಲ್ಲಿ ಆಲಿಕಲ್ಲು ಬಿತ್ತು ನೋಡಿ, ಬೆಟ್ಟದ ಮೇಲೆ ಬರಿಯ ಕಡ್ಡಿ ಉಳಿಯಿತು. ಅಂಬ್ರುಷ್‌ನ ಅಪ್ಪ ಲೊರಿಂತ್ಸ್ ಮಹಾ ಮೊಂಡ. "ಕೊಯ್ಲೇ ಇಲ್ಲ ಅಂದ್ಮೇಲೆ ಮದ್ವೆ ಎಲ್ಲಿಂದ ಬಂತು? ನೆಂಟರಿಗೆ ಬಾವಿ ನೀರು ಕುಡಿಸ್ಲಾ? ಬರೋ ವರ್ಷ ನೋಡೋಣ" ಅಂದುಬಿಟ್ಟ. ಹುಡುಗನಿಗೋ ಚಳಿಗಾಲಕ್ಕೆ ಮುಂಚೆ ಸೈನ್ಯಕ್ಕೆ ಹೊರಡುವ ಕರೆ ಬಂದಿತ್ತು.

ವೆರೊಂಕಾ ಅತ್ತೆ ಅತ್ತುಕೊಂಡು ಕೂರಲಿಲ್ಲ. ಬುಟ್ಟಿ ಹಿಡಿದು ಒಬ್ಬಳೇ ಬೆಟ್ಟ ಹತ್ತಿದಳು. ಎಲೆ ಮರೆಯಲ್ಲಿ ಉಳಿದಿದ್ದ ಹುಳುಕು ಗೊಂಚಲುಗಳನ್ನು ಹುಡುಕಿ ಕೊಯ್ದಳು, ಬಳ್ಳಿ ಬಗ್ಗಿಸಿ ಕೊಯ್ಲಿನ ಕಿರೀಟ ಕಟ್ಟಿದಳು, ಜೋರಾಗಿ ಹಾಡುತ್ತ ಲೊರಿಂತ್ಸ್‌ನ ಗೇಟಿನ ಮುಂದೆ ಬಂದು ನಿಂತಳು. ಕೊಯ್ಲು ಮುಗಿದ ದಿನ ಕೊಯ್ದವರು ಆ ಕಿರೀಟ ತಂದರೆ ಮನೆಯ ಯಜಮಾನ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ವೈನ್ ಕೊಡಲೇಬೇಕು. ಬೇಡ ಅಂದವನ ಮನೆ ಉದ್ಧಾರವಾಗುವುದಿಲ್ಲ ಅಂತ ನಮ್ಮವರ ನಂಬಿಕೆ.

"ಮಾವ, ಕೊಯ್ಲು ಮುಗೀತು. ತಗೊಳ್ಳಿ" ಅಂದಳಂತೆ.

ಬೀದಿಯೆಲ್ಲ ನೋಡುತ್ತಿತ್ತು. ಮುದುಕ ಏನು ಮಾಡಿಯಾನು? ಹಲ್ಲು ಕಡಿದುಕೊಂಡೇ ಇಸಿದುಕೊಂಡ. ಆ ವಾರವೇ ಮದುವೆಯಾಯಿತು.

ಹೋದ ವಸಂತದಲ್ಲಿ ಅತ್ತೆಯ ಗಂಡ ಅಂಬ್ರುಷ್ ಮಾವನ ಶ್ವಾಸಕೋಶ ನೋಡಿದ ಡಾಕ್ಟರು ಕೈಚೆಲ್ಲಿದರು. ಮಾವ ಮಾತ್ರ ಹಾಸಿಗೆಯಲ್ಲೇ ನಗುತ್ತಾ, "ಕೊಯ್ಲು ಮುಗಿಯೋವರೆಗೂ ನಾನೆಲ್ಲಿಗೂ ಹೋಗಲ್ಲ ಕಣೇ" ಅಂದಿದ್ದರು. ಅಂದ ಮಾತು ಅತ್ತೆಯ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಕೊಯ್ಲು ಬಂತು. ಎಲ್ಲರ ತೋಟವೂ ಖಾಲಿಯಾಯಿತು, ಅತ್ತೆಯವರದೂ ಆಯಿತು, ಕೊನೆಯ ಒಂದು ಸಾಲು ಬಿಟ್ಟು. ನಮ್ಮ ಕಡೆ ಹಣ್ಣು ಬಳ್ಳಿಯಲ್ಲೇ ಬಾಡಲಿ ಅಂತ ಸ್ವಲ್ಪ ದಿನ ಬಿಡುವುದುಂಟು, ಸಿಹಿ ಹೆಚ್ಚುತ್ತದೆ. ಆದರೆ ಇದು ಆ ಲೆಕ್ಕವಲ್ಲ. ಮಂಜು ಕವಿಯಿತು, ಸ್ಟಾರ್ಲಿಂಗ್ ಹಕ್ಕಿಗಳು ಕುಕ್ಕಿದವು, ಹಂದಿ ಕಡಿಯುವ ಹಬ್ಬವೂ ಮುಗಿಯಿತು. ಸಾಲು ಹಾಗೇ ಇತ್ತು. ದಾರಿಯಲ್ಲಿ ಹೋಗುವವರು, "ಏನು ವೆರೊಂಕಾ, ಕ್ರಿಸ್‌ಮಸ್ ಮರಕ್ಕೆ ಕಟ್ಟೋಕೆ ಇಟ್ಟಿದ್ದೀಯಾ?" ಅಂತ ಕೆಣಕುತ್ತಿದ್ದರು.

ನನಗೂ ತಡೆಯಲಾಗಲಿಲ್ಲ. "ಅತ್ತೆ, ಕೊಳೀತಾ ಇದೆ. ನಾನೇ ಕುಯ್ದು ಕೊಡ್ಲಾ?"

"ಆ ಸಾಲು ಮುಟ್ಟಿದ್ರೆ ಕೈ ಮುರೀತೀನಿ! ಕೊಯ್ಲಿನ್ನೂ ಮುಗಿದಿಲ್ಲ" ಅಂತ ಕೂಗಿ, ಬಾಗಿಲು ಹಾಕಿಕೊಂಡಳು. ಆಗ ನನಗೆ ಅರ್ಥವಾಯಿತು.

ಅವಳು ಔಷಧಿಗೆ ಅಂತ ಪೇಟೆಗೆ ಹೋಗಿದ್ದಾಗ ಮಾವ ನನ್ನನ್ನು ಕರೆಸಿದರು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಟೆರ್ಕಾ, ಆ ಸಾಲು ಕುಯ್ದುಬಿಡಮ್ಮ."

"ಅಯ್ಯೋ ಮಾವ, ಅತ್ತೆ ನನ್ನ ಕೊಂದೇಬಿಡ್ತಾಳೆ."

"ನಂಗೆಲ್ಲ ಗೊತ್ತು, ಕಿಟಕಿಯಿಂದ ಕಾಣ್ಸುತ್ತೆ. ದಿನಾ ಬೆಳಗ್ಗೆ ಎದ್ದು ಮೊದ್ಲು ಸಾಲು ನೋಡ್ತಾಳೆ, ಆಮೇಲೆ ನನ್ನ ನೋಡ್ತಾಳೆ. ನನ್ನ ಹಿಡಿದಿಟ್ಕೊಂಡು ಅವಳು ಸವೆದು ಹೋದ್ಲು. ನಂಗೂ ಸಾಕಾಗಿದೆ ಕಣಮ್ಮ, ಬಹಳ ಸಾಕಾಗಿದೆ. ಅವಳ ಹತ್ರ ಹೇಳೋಕೆ ಧೈರ್ಯ ಇಲ್ಲ. ಕಿರೀಟ ಕಟ್ಕೊಂಡು ಬಾ. ಬೇಡ ಅನ್ನೋಕೆ ಅವಳಿಗೂ ಬಾಯಿ ಬರಲ್ಲ."

ಕೊಯ್ದೆ. ಹಿಮ ಬೀಳುತ್ತಿತ್ತು. ಬೆರಳು ಮರಗಟ್ಟಿದ್ದವು, ಕಣ್ಣೀರು ಒರೆಸಿಕೊಳ್ಳಲೂ ಆಗಲಿಲ್ಲ. ಬಳ್ಳಿ ಬಗ್ಗಿಸಿ, ಉಳಿದ ಕರಿ ಗೊಂಚಲು ಕಟ್ಟಿ, ಅವರ ಗೇಟಿನ ಮುಂದೆ ನಿಂತೆ. ಹಾಡು ಮಾತ್ರ ಹಾಡಲಿಲ್ಲ.

ಅತ್ತೆ ಬಸ್ಸಿಳಿದು ಬಂದವಳು ನನ್ನನ್ನು ನೋಡಿದಳು, ಕಿರೀಟ ನೋಡಿದಳು, ಬೆಟ್ಟದ ಕಡೆ ನೋಡಿದಳು. ಈಗ ಹೊಡೆಯುತ್ತಾಳೆ ಅಂದುಕೊಂಡೆ.

"ಯಾರು ಹೇಳಿದ್ದು?"

"ಮಾವ."

ಔಷಧಿಯ ಚೀಲವನ್ನು ಹಿಮದ ಮೇಲೆ ಇಟ್ಟು, ಎರಡೂ ಕೈ ಚಾಚಿ ಕಿರೀಟ ಇಸಿದುಕೊಂಡಳು. "ಒಳಗ್ ಬಾ. ವೈನ್ ಕೊಡ್ಬೇಕಲ್ಲ ನಿಂಗೆ" ಅಂದಳು. ಕಿರೀಟವನ್ನು ಮಾವನ ಮಂಚದ ಮೇಲಿನ ಮೊಳೆಗೆ ನೇತುಹಾಕಿ, ಅವರ ಪಕ್ಕ ಕೂತು ತಲೆ ಸವರಿದಳು. "ಮುಗೀತು ಕಣೋ, ಕೊಯ್ಲು ಮುಗೀತು." ಮಾವ ಅವಳ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ಆ ವಾರ ದಾಟಲಿಲ್ಲ.

ಸಮಾಧಿಗೆ ಹೋಗುವ ದಾರಿಯಲ್ಲಿ ಹಿಮ ಮೊಣಕಾಲಿನವರೆಗಿತ್ತು. ಹೆಣ ಹೊತ್ತವರು ಜಾರುತ್ತಾ ಹೋದರು. ಈಗಲೂ ಯಾರಾದರೂ ಹೊರಗಿನವರು, "ಯಜಮಾನರು ತೀರಿಕೊಂಡಿದ್ದು ಯಾವಾಗಮ್ಮ?" ಅಂತ ಕೇಳಿದರೆ, ಅತ್ತೆ "ಕೊಯ್ಲಿನಲ್ಲಿ" ಅನ್ನುತ್ತಾಳೆ. ಆ ಹಿಮದಲ್ಲಿ ಹೆಣಕ್ಕೆ ಹೆಗಲು ಕೊಟ್ಟವರೂ ಪಕ್ಕದಲ್ಲೇ ಇರುತ್ತಾರೆ. ಹೌದು ಹೌದು, ಕೊಯ್ಲಿನಲ್ಲೇ, ಅನ್ನುತ್ತಾರೆ.