ಅಲ್ಲಾವುದ್ದೀನನ ದಾಟುವ ಪಾಸು

ಮರದ ಲಾರಿ ಹೊಡೆಯುವವರನ್ನೆಲ್ಲ ಆಗ ಕಾಡು ಉಳಿಸಲು ಹೊರಟ ನಾವು ಕಳ್ಳರೆನ್ನುತ್ತಿದ್ದೆವು. ಶಿರಸಿಯ ಅಲ್ಲಾವುದ್ದೀನ್ ಕಳ್ಳನಲ್ಲ, ಅವನ ಬಳಿ ಮರ ಸಾಗಿಸಲು ಅರಣ್ಯ ಇಲಾಖೆ ಕೊಟ್ಟ ಪಾಸಿತ್ತು. ಎಂಬತ್ತರ ದಶಕದಲ್ಲಿ ಹುಲಗೋಳದ ಬಳಿ ಅವನ ಲಾರಿಗೆ ಅಡ್ಡ ನಿಂತಾಗ ಆ ಕಾಗದವನ್ನೇ ನಮ್ಮ ಮುಖಕ್ಕೆ ಹಿಡಿದ.

"ನಿಮ್ಮೂರಲ್ಲಿ ಏನೂ ಇಳಿಸೋದಿಲ್ಲ, ಏರಿಸೋದಿಲ್ಲ. ಬರೀ ದಾಟ್ಕೊಂಡು ಹೋಗ್ತೇನೆ. ಬಿಡಿ."

ಬನವಾಸಿ ಕಡೆಯ ಗಂಗಾಂಬಿಕಾ ಚಕ್ರದ ಮುಂದೆ ಕೂತುಬಿಟ್ಟಳು. "ಹಂಗಾದ್ರ ನನ್ನನ್ನೂ ದಾಟ್ಕೊಂಡ ಹೋಗ್ರಿ."

ಮೂರು ದಿನ ಕೂತೆವು. ಅಲ್ಲಾವುದ್ದೀನ್ ಬೈಯುತ್ತಲೇ ನಮ್ಮ ಗಂಜಿ ಉಂಡ. ಪಾಸಿನ ಅವಧಿ ಒಂದೇ ದಿನದ್ದು, ಅದು ಮುಗಿದೇ ಹೋಯಿತು. ಮಾಲೀಕ ಅವನನ್ನು ಕೆಲಸದಿಂದ ಕಿತ್ತ. ಆಮೇಲೆ ಅವನು ಬಾಡಿಗೆ ಟೆಂಪೊ ಓಡಿಸುತ್ತ ನಮ್ಮನ್ನೇ ಸಭೆಗೆ, ಕೋರ್ಟಿಗೆ ಕರೆದೊಯ್ದ. ನಮ್ಮನ್ನು ಕ್ಷಮಿಸಿದನೋ ಇಲ್ಲವೋ, ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಟೆಂಪೊದ ಹಿಂದೆ ನಿಂತು ಕೂಗಿದ ಘೋಷಣೆಗಳು ಮಾತ್ರ ಇವತ್ತಿಗೂ ಕಿವಿಯಲ್ಲಿವೆ. ಈಗ ಕೂಗಿದರೆ ಕೆಮ್ಮು ಬರುತ್ತದೆ.

ಅಲ್ಲಾವುದ್ದೀನನಿಗೀಗ ಎಪ್ಪತ್ತು ದಾಟಿದೆ. ಮಗ ನದೀಮನ ಝೆರಾಕ್ಸ್ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು, ಬಂದವರ ಕಾಗದಗಳನ್ನೆಲ್ಲ ಚೆಕ್‌ಪೋಸ್ಟಿನವನಂತೆ ಓದುತ್ತಾನೆ. ಹೋದ ತಿಂಗಳು ಗಂಗಾಂಬಿಕಾ ದೊಡ್ಡದೊಂದು ಸೂಟ್‌ಕೇಸು ಎಳೆದುಕೊಂಡು ಟಿಕೀಟಿನ ಝೆರಾಕ್ಸ್ ಮಾಡಿಸಲು ಅಲ್ಲಿಗೇ ಬಂದಳು. ಕಾಡು ಉಳಿಸಿದ ಹೆಂಗಸರ ಸಭೆ ಬ್ರೆಜಿಲಿನಲ್ಲಿತ್ತು. ಆವತ್ತು ನಾವು ಹಿಡಿದಿದ್ದ ಬಟ್ಟೆಯ ಬ್ಯಾನರು ತೋರಿಸಿ ಇವಳು ಮಾತಾಡಬೇಕಿತ್ತು. ಜೊತೆಗೆ ಕೂತವರಲ್ಲಿ ಅರ್ಧ ಜನ ಈಗಿಲ್ಲ, ಅವರ ಹೆಸರು ಹೇಳುವ ಅವಕಾಶ ಇನ್ನೊಮ್ಮೆ ಬರುವುದೂ ಇಲ್ಲ. ವಿಮಾನ ನಾಡಿದ್ದು.

"ಟಿಕೀಟು ಎರಡು ಯಾಕೆ?" ಅಲ್ಲಾವುದ್ದೀನ್ ಕೇಳಿದ.

"ತಮ್ಮನ ಮಗ ತಗಸ್ಯಾನ್ರಿ. ಮುಂಬೈಯಿಂದ ಗಲ್ಫಿಗೊಂದು, ಅಲ್ಲಿಂದ ಬ್ರೆಜಿಲಿಗೊಂದು. ಬ್ರೆಜಿಲ್ ವೀಸಾ ಐತಿ. ನಡಕಿನ ದೇಶದಾಗ ಬರೇ ವಿಮಾನ ಬದಲಿಸೂದು, ಅಲ್ಲಿ ವೀಸಾ ಬ್ಯಾಡ ಅಂದಾನ."

"ಪೆಟ್ಟಿಗೆ ಎಲ್ಲಿ ಇಳೀತದೆ, ಗಂಗವ್ವ?"

"ಅದೇನ್ರಿ ಪ್ರಶ್ನಾ?"

"ಅದೇ ಪ್ರಶ್ನೆ. ಎರಡೂ ಬೇರೆ ಕಂಪನಿ, ಬೇರೆ ಟಿಕೀಟು. ಮೊದಲಿನವನು ಪೆಟ್ಟಿಗೆಯನ್ನ ನಡುವಿನ ಊರಲ್ಲೇ ಇಳಿಸ್ತಾನೆ. ತಗೊಳ್ಳಿಕ್ಕೆ ನೀನು ಅವರ ಗೇಟು ದಾಟಿ ಹೊರಗೆ ಬರಬೇಕು. ಹೊರಗೆ ಬಂದ್ರೆ ಅದು ದಾಟೋದಲ್ಲ, ಒಳಗೆ ಹೋಗೋದು. ವೀಸಾ ಬೇಕು. ಲಾರಿಯಲ್ಲೂ ಹಾಗೇ, ನಡುದಾರಿಯಲ್ಲಿ ಲೋಡು ಇಳಿಸಿದ್ರೆ ಪಾಸು ಸತ್ತ ಹಾಗೆ."

ನದೀಮ್ ಎರಡೂ ಕಂಪನಿಗಳಿಗೆ ಫೋನು ಮಾಡಿದ. ಅಪ್ಪ ಹೇಳಿದ್ದೇ ಸರಿ. ಟಿಕೀಟು ವಾಪಸಾಗುವಂತಿಲ್ಲ, ಎರಡು ದಿನದಲ್ಲಿ ವೀಸಾ ಆಗುವುದೂ ಇಲ್ಲ. ಗಂಗಾಂಬಿಕಾ ಸೂಟ್‌ಕೇಸಿನ ಮೇಲೇ ಕೂತಳು. ನಲವತ್ತು ವರ್ಷದ ಹಿಂದಿನ ಅದೇ ಮುಖ.

ಅಲ್ಲಾವುದ್ದೀನ್ ಗದರಿದ. "ಏಳು ಮೇಲೆ. ಆಗ ಕಾಡಿನ ಗಲಾಟೆಯಲ್ಲಿ ಜೈಲಿಗೆ ಹೋಗುವಾಗ ಏನು ಒಯ್ದಿದ್ದೆ?"

"ಎರಡು ಸೀರಿ, ಒಂದು ಬಗಲಚೀಲ."

"ಈಗೇನು ಮದುವೆ ದಿಬ್ಬಣವೋ? ಕೈಚೀಲ ಒಂದೇ ಒಯ್ದರೆ ಅದು ನಿನ್ನ ಕೈಯಲ್ಲೇ ಇರ್ತದೆ, ನಡುವೆ ಇಳಿಸೋದೇ ಇಲ್ಲವಲ್ಲ!"

ಸೂಟ್‌ಕೇಸು ಅಂಗಡಿಯಲ್ಲೇ ಬಿಚ್ಚಿಕೊಂಡಿತು. ಜೋಳದ ರೊಟ್ಟಿ ಒಂದು ಕಟ್ಟು, ಶೇಂಗಾ ಚಟ್ನಿ, ಹೊದಿಕೆ, ಹಂಚಲಿಕ್ಕೆಂದು ಮಾಡಿಸಿದ ಮರದ ಸೌಟುಗಳು. ಒಂದೊಂದನ್ನೂ ತೆಗೆದಿಡುವಾಗ ಅವಳು ಬೈದಳು. ಕೊನೆಗೆ ಚೀಲಕ್ಕೆ ಸೇರಿದ್ದು ಎರಡು ಸೀರೆ, ಔಷಧಿ, ಬ್ಯಾನರು. ಎರಡೂ ವಿಮಾನಗಳು ಒಂದೇ ಟರ್ಮಿನಲ್ಲಿನಿಂದ ಎನ್ನುವುದನ್ನು, ಹೊರಗೆ ಬಾರದಿದ್ದರೆ ವೀಸಾ ಬೇಡ ಎನ್ನುವುದನ್ನು ಅಲ್ಲಾವುದ್ದೀನ್ ಕಂಪನಿಗಳಿಂದ ಬರಹದಲ್ಲೇ ತರಿಸಿದ. ಬಾಯಿಮಾತನ್ನು ಅವನು ಯಾವ ಚೆಕ್‌ಪೋಸ್ಟಿನಲ್ಲೂ ನಂಬಿದವನಲ್ಲ. ಹೊರಡುವ ದಿನ ನದೀಮ್ ಎರಡನೇ ವಿಮಾನದ ಬೋರ್ಡಿಂಗ್ ಪಾಸನ್ನೂ ಮೊದಲೇ ತೆಗೆದುಕೊಟ್ಟ.

ಮುಂಬೈಯಲ್ಲಿ ತಡೆದರಂತೆ. ಕಾಗದಗಳನ್ನು ತೋರಿಸಿದ ಮೇಲೆ ಬಿಟ್ಟರಂತೆ. ಮರುದಿನ ಬೆಳಿಗ್ಗೆ ಗಲ್ಫಿನಿಂದ ಅವಳ ಫೋನು ಬಂತು. ಅಲ್ಲಾವುದ್ದೀನ್ ಸ್ಪೀಕರಿಗೆ ಹಾಕಿದ. ಎದುರಿಗೆ ಕೂತು ನಾನು ಅವಳ ರೊಟ್ಟಿ ತಿನ್ನುತ್ತಿದ್ದೆ.

"ಗೇಟು ದಾಟಿಲ್ಲರೀ ಸಾಹೇಬ್ರ. ಏಳು ತಾಸು ಇಲ್ಲೇ ಕುಂದ್ರಬೇಕು. ಕುಂದ್ರೂದು ನನಗೇನು ಹೊಸಾದಲ್ಲ."

"ಕೂತ್ಕೋ. ಆದ್ರೆ ಈ ಸಲ ಪಾಸು ಮುಗಿಯೋದರೊಳಗೆ ಎದ್ದು ಹೋಗು ಮಾರಾಯ್ತಿ!"