ಎಡರೆಕ್ಕೆಯ ಹೊಲಿಗೆ

ಮಂಚಮ್ಮನ ಹೊಲಿಗೆ ಬಿಟ್ಟಿತು ಎಂದವರನ್ನು ಕವಲಂದೆಯಲ್ಲಿ ನಾನು ಕಂಡಿಲ್ಲ. ಮೂವತ್ತು ವರ್ಷ ಮಿಷನ್ ತುಳಿದೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ದಡ ಸೇರಿಸಿದವರು. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು, ದಿನಾ ನೋಡಿದ್ದೇನೆ. ಅಂಥವರ ಹೆಸರಿಗೆ ಮಸಿ ಬಳಿಯಲು ಒಬ್ಬ ಓದಿದ ಮಹಾನುಭಾವ ಬಂದಿದ್ದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾಲೇಜಿನ ಮಕ್ಕಳು ಬಿದಿರಿನಲ್ಲಿ ಗ್ಲೈಡರ್ ಕಟ್ಟುತ್ತಿದ್ದರು. ಎಂಜಿನ್ ಇಲ್ಲ, ಹಗ್ಗ ಬಿಗಿದು ಜೀಪಿನಿಂದ ಎಳೆದರೆ ಮೇಲೇಳಬೇಕು. ಕೂತು ಹಾರಿಸುವವಳು ಹೆಡತಲೆಯ ಬಿಂದುಶ್ರೀ, ಗುಂಪಿನಲ್ಲೇ ಹಗುರದ ಹುಡುಗಿ. ರೆಕ್ಕೆಗೆ ಬಟ್ಟೆ ಹೊಲಿಯಲು ಮಂಚಮ್ಮನಿಗೆ ಒಪ್ಪಿಸಿದರು.

ರವಿಕೆಯ ಲೈನಿಂಗ್ ಬಟ್ಟೆಯನ್ನೂ ನೆನೆಸಿ ಒಣಗಿಸದೆ ಕತ್ತರಿ ಹಾಕುವವರಲ್ಲ ಮಂಚಮ್ಮ. ಬಲರೆಕ್ಕೆಯ ಬಟ್ಟೆಗೂ ಹಾಗೇ ಮಾಡಿದರು. ಎಡರೆಕ್ಕೆಯದನ್ನು ಬಕೆಟ್ಟಿಗೆ ಹಾಕುವಷ್ಟರಲ್ಲಿ ಬಿಂದುಶ್ರೀಯನ್ನು ಜೊತೆಗೆ ಕರೆದುಕೊಂಡು ಕಾಲೇಜಿನ ಮೇಷ್ಟ್ರು ಪ್ರೇಮ್‌ಕುಮಾರ್ ಬಂದ. ಈ ಮನುಷ್ಯನಿಗೆ ಬಹುವಚನ ದಂಡ.

"ನಾಳಿದ್ದು ಹಾರಿಸೋದು ನೋಡೋಕೆ ಅತಿಥಿಗಳು ಬರ್ತಾರೆ. ಹಾಗೇ ಹೊಲೀರಿ."

"ನೆನಸ್ದೆ ಒಲುದ್ರೆ ಆಮೇಕೆ ಎಳ್ಕತದೆ ಸಾ. ಒಂದಿನ ತಡೀರಿ."

"ಇದು ರವಿಕೆ ಅಲ್ಲಮ್ಮ, ಗ್ಲೈಡರ್. ಲೆಕ್ಕ ಎಲ್ಲ ನಮಗೆ ಗೊತ್ತು."

ಮೇಷ್ಟ್ರ ಮಾತಿಗೆ ಎದುರಾಡುವುದು ಹೇಗೆ ಎಂದು ಮಂಚಮ್ಮ ಹೊಲಿದುಕೊಟ್ಟರು. ಅವರ ತಪ್ಪು ಇದ್ದರೆ ಅಷ್ಟೇ.

ಬಿಗಿಯಾಗಲೆಂದು ಮಕ್ಕಳು ಎರಡೂ ರೆಕ್ಕೆಗೆ ಗಂಜಿ ಬಳಿದರು. ನೆನೆಸದ ಬಟ್ಟೆ ಒಣಗುತ್ತಾ ಕುಗ್ಗಿ, ಎಡಗಡೆಯ ಬಿದಿರನ್ನೆಲ್ಲ ಸೊಟ್ಟಗೆ ಎಳೆಯಿತು. ಬಿಂದುಶ್ರೀ ಬೆರಳಿಟ್ಟು ತೋರಿಸಿದಳು. ಮೇಷ್ಟ್ರು ಗಡಿಯಾರ ತೋರಿಸಿದ. ಅತಿಥಿಗಳ ಕಣ್ಣೆದುರೇ ಕೊಯ್ಲಾದ ರಾಗಿ ಹೊಲದಲ್ಲಿ ಗ್ಲೈಡರ್ ಎರಡಾಳೆತ್ತರ ಎದ್ದು, ಎಡಕ್ಕೆ ವಾಲಿ ದೊಪ್ಪನೆ ಬಿತ್ತು. ಹುಡುಗಿಯ ಬಲಗೈ ಮುರಿಯಿತು. ದೇವರು ದೊಡ್ಡವನು, ಕುತ್ತಿಗೆ ಉಳಿಯಿತು.

ಮೂರನೇ ದಿನ ಮೇಷ್ಟ್ರು ತನ್ನ ವರದಿಯನ್ನು ಜೆರಾಕ್ಸ್‌ಗೆಂದು ನನ್ನ ಕೈಗೇ ತಂದುಕೊಟ್ಟ. 'ಅಪಘಾತಕ್ಕೆ ಕಾರಣ: ದರ್ಜಿಯ ಕಳಪೆ ಹೊಲಿಗೆ.' ಕೆಳಗೆ ಮಂಚಮ್ಮ ಒಪ್ಪಿ ರುಜು ಹಾಕಲು ಜಾಗ. ಥೂ! ಮಾಡಿದವನ ಪಾಪ ಆಡಿದವನ ಬಾಯಲ್ಲಿ ಎನ್ನುತ್ತಾರೆ. ಇಲ್ಲಿ ಮಾಡಿದವನೇ ಆಡುತ್ತಿದ್ದ. ಈ ಕಾಗದ ಊರು ಸುತ್ತಿದರೆ ಮಂಚಮ್ಮನಿಗೆ ಯಾರು ಬಟ್ಟೆ ಕೊಟ್ಟಾರು?

ಕಾಗದ ಹಿಡಿದು ಪಕ್ಕದ ಮಂಚಮ್ಮನ ಅಂಗಡಿಗೆ ನುಗ್ಗಿದೆ, ಅವನೂ ಹಿಂದೆಯೇ ಬಂದ. ಬಟ್ಟೆ ಬಿಚ್ಚಲೆಂದು ಮಕ್ಕಳು ಎಡರೆಕ್ಕೆಯನ್ನು ಅಲ್ಲಿಗೇ ತಂದಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡು ಬಿಂದುಶ್ರೀಯೂ ನಿಂತಿದ್ದಳು. ನಾನು ಓದಿ ಹೇಳಿದೆ. ಮಂಚಮ್ಮನ ಮುಖ ಕೆಂಪಾಯಿತು.

"ಎಳೀರಿ ಸಾ," ಎಂದು ರೆಕ್ಕೆಯನ್ನು ಅವನ ಮುಂದೆ ನೂಕಿದರು. "ಒಂದೇ ಒಂದು ಒಲಿಗೆ ಬಿಟ್ರೂ ರುಜು ಆಕ್ತೀನಿ."

ಅವನು ಎಳೆದ. ಕಾಲು ಕೊಟ್ಟು ಎಳೆದ. ನಡುವೆ ಬಟ್ಟೆ ಹರಿಯಿತು, ಬಿದಿರು ಸೀಳಿತು. ಹೊಲಿಗೆ ಬಿಡಲಿಲ್ಲ.

ಬಿಂದುಶ್ರೀ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಕಾರಣದ ಸಾಲು ಹೊಡೆದುಹಾಕಿ, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು: 'ಬಟ್ಟೆ ನೆನೆಸಬೇಡಿ ಎಂದವರು ನಮ್ಮ ಮೇಷ್ಟ್ರು.' ಕೆಳಗೆ ತನ್ನ ರುಜು ಹಾಕಿದಳು.

"ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ, ನೆನಪಿರಲಿ," ಎಂದ ಪ್ರೇಮ್‌ಕುಮಾರ್.

"ಮಾರ್ಕ್ಸ್ ನೀವೇ ಮಡಿಕಳಿ ಸಾ," ಎಂದಳು ಹುಡುಗಿ.