ಕೊಣನೂರಿನ ಸಿಪಾಯಿ

ಎರಡನೇ ಮಹಾಯುದ್ಧದ ಕಾಲ. ಅಸ್ಸಾಮಿನ ಕ್ಯಾಂಪಿನಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದವನು ಕೊಣನೂರಿನ ಸಿಪಾಯಿ. ಬೆಳಿಗ್ಗೆ ಕವಾಯತು, ಹಗಲೆಲ್ಲ ಕಂದಕ ತೋಡುವ ಕೆಲಸ, ಸಂಜೆಗೆ ಗೋಧಿ ರೊಟ್ಟಿ. ಅವನು ಆ ರೊಟ್ಟಿಯನ್ನು ತಟ್ಟೆಗೆ ಟಪಟಪ ಬಡಿದು, "ಇದ್ನ ತಿಂದು ಯುದ್ಧ ಗೆಲ್ಬೇಕಂತೆ! ನಮ್ಮವ್ವನ ಮುದ್ದೆ ತರ್ಸು, ಆಮ್ಯಾಕೆ ನೋಡ್ಲಾ," ಎಂದು ದಿನವೂ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಎಲ್ಲರ ರಜೆಯೂ ರದ್ದಾಯಿತು. ಮೈಸೂರಿನವನೇ ಆದ ಹವಾಲ್ದಾರ, "ಊರು ಮರೆತುಬಿಡ್ರಿ. ಇನ್ಮೇಲೆ ಇದೇ ನಿಮ್ಮೂರು," ಎಂದ.

ಕೊಣನೂರಿನವನು ಸಾಲು ಬಿಟ್ಟು ಮುಂದೆ ಬಂದ. "ಬಂದೂಕ ಎತ್ತು ಅಂದ್ರಿ, ಎತ್ತಿದೆ. ಗುಂಡಿ ತೋಡು ಅಂದ್ರಿ, ತೋಡ್ದೆ. ಊರ ಮರ್ತುಬುಡು ಅಂದ್ರೆ ಆಗಾಕಿಲ್ಲ ಸಾ."

ಬಂದೂಕನ್ನು ತಲೆಯ ಮೇಲೆತ್ತಿ ಮೈದಾನ ಸುತ್ತುವ ಶಿಕ್ಷೆಯಾಯಿತು. ನಮ್ಮೆದುರು ಬಂದಾಗಲೆಲ್ಲ ಅವನು "ಕೊಣನೂರು!" ಎಂದು ಕೂಗಿದ. ಹವಾಲ್ದಾರ ಸುತ್ತು ಹೆಚ್ಚಿಸಿದ. ಅವನು ಮುಗ್ಗರಿಸಿ ಬಿದ್ದ, ಎದ್ದ, ಮತ್ತೆ ಬಾಯಿ ತೆರೆದ. ದನಿ ಹೊರಡಲಿಲ್ಲ.

ಸಾಲಿನಲ್ಲಿ ಯಾರೋ "ಅರಕಲಗೂಡು!" ಎಂದರು. ಇನ್ನೊಬ್ಬ "ಹೊಳೆನರಸೀಪುರ!" ಎಂದ. ನಾನೂ ಎದೆ ತುಂಬ ಉಸಿರೆಳೆದು ನನ್ನೂರಿನ ಹೆಸರನ್ನು, "ಕಟ್ಟಾಯ!" ಎಂದು ಕೂಗಿದೆ.

ಹವಾಲ್ದಾರ ನಮಗೂ ಅದೇ ಶಿಕ್ಷೆ ಕೊಟ್ಟ. ನಾವು ನಗುತ್ತಲೇ ಓಡಿದೆವು.